ನೂರಕ್ಕೆ ನೂರು ಪ್ಲೇಸ್‌ಮೆಂಟ್

ಕೆಲಸ ಕೊಡಿಸುವುದೇ ಕೆಲಸವಾದವರ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬರ ಇರುವುದು ಕೆಲಸಕ್ಕೆ ಮಾತ್ರ.

ನಾನು ಮುಂಬಯಿಯ ಚೆಂಬೂರಿನವಳು. ಪೇಂಟ್ ತಯಾರಿಸುವ ಕಾರ್ಖಾನೆಯೊಂದರ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಕೂದಲು ಹಣ್ಣಾಗುವ ತನಕ ದುಡಿದೆ. ಆ ಕಾರ್ಖಾನೆ ಗಂಟುಮೂಟೆ ಕಟ್ಟಿಕೊಂಡು ಗುಜರಾತಿಗೆ ಹೋದ ಮೇಲೆ ಮನೆಯಲ್ಲಿ ಕೂತಿದ್ದೆ. ಕೂತವಳು ಸುಮ್ಮನೆ ಕೂತಿರಬಾರದೇ? ಜೋಗೇಶ್ವರಿಯ ಕೋಡಿಂಗ್ ಕ್ಲಾಸೊಂದರಲ್ಲಿ ಪ್ಲೇಸ್‌ಮೆಂಟ್ ಆಫೀಸರ್ ಆಗಿ ಸೇರಿಕೊಂಡೆ. ಹುಡುಗ ಹುಡುಗಿಯರಿಗೆ ನಾಲ್ಕು ತಿಂಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸಿ, ಸಾಫ್ಟ್‌ವೇರ್ ಕಂಪನಿಗಳಿಗೆ ದಾಟಿಸುವ ಕ್ಲಾಸು ಅದು. ಕಲಿಸುವುದು ಅವರ ಪಾಲು, ದಾಟಿಸುವುದು ನನ್ನ ಪಾಲು. ಆಚೆ ದಡದಲ್ಲಿ ಕಂಪನಿಗಳು ಇದ್ದವರನ್ನೇ ನೀರಿಗೆ ದೂಡುತ್ತಿವೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಮೀಲ್ಸ್ ರೆಡಿ

ನಮ್ಮ ಡೈರೆಕ್ಟರು ಕರಾವಳಿಯ ಕಡೆಯವರು. ಮೊದಲು ಅದೇ ಜಾಗದಲ್ಲಿ ಹೋಟೆಲು ನಡೆಸುತ್ತಿದ್ದರು. ಹೋಟೆಲು ಕೈ ಕಚ್ಚಿದ್ದೇ ತಡ, ದೋಸೆ ಕಲ್ಲು ಮಾರಿ ಲ್ಯಾಪ್‌ಟಾಪು ಕೊಂಡರು. ಉಳಿದಿದ್ದೆಲ್ಲ ಹಾಗೇ ಇತ್ತು. ಕಲ್ಲಿನ ಮೇಜುಗಳ ಮೇಲೆ ಲ್ಯಾಪ್‌ಟಾಪುಗಳು ಕೂತಿದ್ದವು. ಹಿಂದೆ ಕೈ ತೊಳೆಯುವ ಬೇಸಿನ್ನು, ಅದರ ಮೇಲೆ ಕನ್ನಡಿ. ಡೈರೆಕ್ಟರು ಕೂರುವುದು ಹಳೆಯ ಗಲ್ಲಾಪೆಟ್ಟಿಗೆಯ ಹಿಂದೆ, ತಲೆಯ ಮೇಲೆ ದೇವರ ಫೋಟೋ, ಅದಕ್ಕೆ ಮಲ್ಲಿಗೆ.

ನನ್ನ ಇಂಟರ್‌ವ್ಯೂ ನಡೆದದ್ದೂ ಅಲ್ಲೇ. "ಮೇಡಂ, ಹೋಟೆಲು ಬೇರೆ ಅಲ್ಲ, ಇದು ಬೇರೆ ಅಲ್ಲ," ಎಂದರು. "ಅಲ್ಲಿ ಹಸಿದವ ಬರ್ತಾನೆ, ಇಲ್ಲಿ ಕೆಲಸ ಇಲ್ಲದವ ಬರ್ತಾನೆ. ಕೂರಿಸ್ಬೇಕು, ಬಡಿಸ್ಬೇಕು, ಎಬ್ಬಿಸ್ಬೇಕು. ಟೇಬಲ್ ಖಾಲಿ ಆಗ್ತಾ ಇದ್ರೆ ಆಯ್ತು."

"ಎದ್ದು ಹೋದವರಿಗೆ ಕೆಲಸ ಸಿಗದಿದ್ದರೆ?" ಎಂದೆ.

"ಎಂತ ಮೇಡಂ ನೀವು! ಊಟ ಮಾಡಿ ಹೋದವನ ಹೊಟ್ಟೆ ತುಂಬಿತಾ ಅಂತ ಯಾವ ಹೋಟೆಲಿನವನಾದ್ರೂ ಅವನ ಮನೆಗೆ ಹೋಗಿ ಕೇಳಿದ್ದುಂಟಾ?"

ಬಾಗಿಲಲ್ಲಿ ಹಳೆಯ ‘ಮೀಲ್ಸ್ ರೆಡಿ’ ಹಲಗೆಯೇ ನೇತಾಡುತ್ತಿತ್ತು. ಖರ್ಚು ಯಾಕೆಂದು ‘ಮೀಲ್ಸ್’ ಒಂದನ್ನೇ ಅಳಿಸಿ ‘ಜಾಬ್’ ಎಂದು ಬರೆಸಿದ್ದರು. ಒಳಗಿನ ಗೋಡೆಯಲ್ಲಿ ತಿಂಡಿಗಳ ಹೆಸರಿದ್ದ ಕಡೆ ಜಾವಾ, ಪೈಥಾನ್, ರಿಯಾಕ್ಟ್ ಎಂದು ಕೋರ್ಸುಗಳ ಹೆಸರು ಸಾಲಾಗಿ ಬಂದಿದ್ದವು. ನಾನು ಸೇರಿದ ಮೊದಲ ದಿನವೇ ಒಬ್ಬ ಮುದುಕರು ಬಂದು ನನ್ನ ಮೇಜಿನೆದುರು ಕೂತರು. ಕೋಲನ್ನು ಗೋಡೆಗೆ ಒರಗಿಸಿ, ಕನ್ನಡಕ ಸರಿ ಮಾಡಿಕೊಂಡು, ಗೋಡೆಯ ಮೇಲಿದ್ದದ್ದನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಬೇಸರದಿಂದ, "ಬೇಟೀ, ಈ ಹೊಸ ಹೊಸ ಐಟಂ ನನಗೆ ಜೀರ್ಣ ಆಗೋದಿಲ್ಲ. ಒಂದು ಪ್ಲೇಟು ಇಡ್ಲಿ ತಾ. ರೆಡಿ ಅಂತ ಬರೆದಿದ್ದೀರಲ್ಲ, ಏನಾದರೂ ಒಂದು ರೆಡಿ ಇರಲೇಬೇಕು," ಎಂದರು.

ನಾನು ಅಲ್ಲಿ ಇದ್ದಷ್ಟು ಕಾಲವೂ ಅವರ ಮಾತಿಗೆ ಉತ್ತರ ಸಿಗಲಿಲ್ಲ.

ಟಿಂಗ್

ಗಲ್ಲಾದ ಪಕ್ಕದಲ್ಲಿ ಕೈಯಿಂದ ಒತ್ತುವ ಹಿತ್ತಾಳೆ ಗಂಟೆಯೊಂದಿತ್ತು. ಹಿಂದೆ ಅದನ್ನು ಒತ್ತಿದರೆ ವೇಟರು ಓಡಿ ಬರುತ್ತಿದ್ದ. ಈಗ ಕ್ಲಾಸಿನಲ್ಲಿ ಕಲಿತವರಿಗೆ ಕೆಲಸ ಸಿಕ್ಕಾಗ ಅದನ್ನು ಒತ್ತುವುದೆಂದು ಡೈರೆಕ್ಟರು ಪದ್ಧತಿ ಮಾಡಿದ್ದರು. ಗಂಟೆ ‘ಟಿಂಗ್’ ಎಂದರೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆಯಬೇಕು, ಫೋಟೋ ತೆಗೆಯಬೇಕು, ಫೋಟೋ ಗೋಡೆಗೆ ಹತ್ತಬೇಕು. ಕಂಪನಿಗಳು ಕಂಡ ಕಂಡವರನ್ನು ಎಳೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ದಿನಕ್ಕೊಮ್ಮೆಯಾದರೂ ಅದು ಬಾರಿಸುತ್ತಿತ್ತಂತೆ. ನಾನು ಬರುವಷ್ಟರಲ್ಲಿ ಅದರ ಮೇಲೆ ಧೂಳು ಕೂತಿತ್ತು.

ಗಂಟೆ ಬಾರಿಸದಿದ್ದರೆ ಹೊಸಬರು ಸೇರುವುದಿಲ್ಲ ಎಂದು ಡೈರೆಕ್ಟರಿಗೆ ಚಿಂತೆ. ಕೆಲಸವೇ ಸಿಗಬೇಕೆಂದೇನೂ ಇಲ್ಲ, ಇಂಟರ್‌ವ್ಯೂಗೆ ಕರೆ ಬಂದರೂ ಒತ್ತಬಹುದು ಎಂದರು. ಕರೆಯೂ ಬರಲಿಲ್ಲ. ಅರ್ಜಿ ಕಳಿಸಿದರೆ ಒತ್ತಬಹುದು ಎಂದರು. ಆಗ ಹಾಲ್‌ನಲ್ಲಿ ದಿನವಿಡೀ ಟಿಂಗ್ ಟಿಂಗ್ ಎಂದು ಸೈಕಲ್ ಅಂಗಡಿಯ ಹಾಗೆ ಸದ್ದಾಗಿ, ಪಕ್ಕದ ಅಂಗಡಿಯವರು ಜಗಳಕ್ಕೆ ಬಂದರು. ಆ ಪದ್ಧತಿ ನಿಂತಿತು.

ಒಂದು ಮಧ್ಯಾಹ್ನ ಗಂಟೆ ಮೂರು ಸಲ ಜೋರಾಗಿ ಬಾರಿಸಿತು. ನಾನು ಊಟದ ಡಬ್ಬಿ ಮುಚ್ಚದೆ ಓಡಿ ಬಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ನಡುವೆ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದಾನೆ.

"ಯಾವ ಕಂಪನಿಯಪ್ಪ?" ಎಂದು ಕೇಳಿದೆ.

"ಕಂಪನಿಯಿಂದ ಮೇಲ್ ಬಂದಿದೆ ಮೇಡಂ," ಎಂದ.

"ಏನಂತೆ?"

"ನಾನು ಬೇಡವಂತೆ."

ನಾನು ಡೈರೆಕ್ಟರ ಮುಖ ನೋಡಿದೆ. ಅವರು ಗಂಟೆಯ ಮೇಲಿಂದ ಕೈ ತೆಗೆಯದೆ ಹೇಳಿದರು: "ಹಾಗೆ ನೋಡ್ಬೇಡಿ ಮೇಡಂ. ಉಳಿದವರಿಗೆ ಅಷ್ಟು ಉತ್ತರವೂ ಬರೂದಿಲ್ಲ. ಇವ ನಮ್ಮ ಟಾಪರ್!"

ಡಬ್ಬಿ ಹಿಡಿದು ಬರುವ ಎಂಜಿನಿಯರ್

ಇಷ್ಟೆಲ್ಲದರ ನಡುವೆ ಕೋಡಿಂಗನ್ನು ನಿಜವಾಗಿ ಕಲಿತ ಹುಡುಗಿ ಒಬ್ಬಳಿದ್ದಳು. ಮನೆ ಅಲ್ಲೇ ಜೋಗೇಶ್ವರಿಯಲ್ಲಿ, ಒಂದೊಂದೇ ಕೋಣೆಯ ಮನೆಗಳು ಸಾಲಾಗಿರುವ ಚಾಳಿನಲ್ಲಿ. ತಂದೆ ವಿಜಯಪುರದ ಕಡೆಯಿಂದ ಬಂದು ಫ್ರಿಜ್ಜು ಎಸಿ ರಿಪೇರಿ ಮಾಡುವವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ಹಿಂದಿ, ನನಗೆ ಕನ್ನಡ ಬರುತ್ತದೆಂದು ಗೊತ್ತಾದ ದಿನದಿಂದ ನನ್ನ ಹತ್ತಿರ ಅಜ್ಜಿಯಿಂದ ಕಲಿತ ಕನ್ನಡ. ನಾನು ಅವಳಿಗೆ ಮೇಡಂ ಅಲ್ಲ, ಆಂಟಿ.

ಅವಳು ಬಾಂದ್ರಾದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಬಂದವರನ್ನು ಕೂರಿಸುವುದು, ಫೋನು ಎತ್ತುವುದು, ಯಾರು ಯಾವ ದಿನ ಬರಬೇಕೆಂದು ಹೇಳುವುದು. ನಮ್ಮ ಕ್ಲಾಸಿನಿಂದ ಅವಳಿಗೆ ಒಂದು ಫೋನು ಹೋಯಿತು. "ಜೀವಮಾನವಿಡೀ ಇನ್ನೊಬ್ಬರ ಹಲ್ಲುನೋವು ಕೇಳುತ್ತಾ ಕೂರುತ್ತೀರಾ?" ಎಂದು ಕೇಳಿದರಂತೆ. ಆ ಪ್ರಶ್ನೆಗೆ ಅವಳು ಕೆಲಸ ಬಿಟ್ಟು ಬಂದಳು.

ಕೋರ್ಸು ಮುಗಿದ ದಿನ ಚಿನ್ನದ ಅಂಚಿನ ಸರ್ಟಿಫಿಕೇಟು ಕೊಟ್ಟರು. ಅವಳ ಅಮ್ಮ ಅದನ್ನು ನೌಕರಿಯ ಆರ್ಡರ್ ಎಂದೇ ತಿಳಿದುಬಿಟ್ಟಳು. ಮಗಳು ಬುರ್ಖಾ ತೆಗೆದು ಮುಖ ತೊಳೆದು ಬರುವಷ್ಟರಲ್ಲಿ ಪೇಡೆಯ ಡಬ್ಬ ಚಾಳಿನ ಆ ತುದಿ ಮುಟ್ಟಿತ್ತು. "ಅಮ್ಮೀ, ಇದು ನೌಕರಿ ಅಲ್ಲ," ಎಂದು ಹೇಳಲು ಬಾಯಿ ತೆರೆದರೆ ಎದುರು ಮನೆಯ ಹೆಂಗಸು ಅದೇ ಬಾಯಿಗೆ ಪೇಡೆ ತುರುಕಿದಳಂತೆ.

"ಏನ್ ಮಾಡ್ಲಿ ಆಂಟಿ? ಇಡೀ ಚಾಳ್ ನನಗ ಎಂಜಿನಿಯರ್ ಅಂತೈತಿ. ಅಮ್ಮಿ ಮುಂಜಾನೆ ಡಬ್ಬಿ ಕಟ್ಟಿ ಕೊಡ್ತಾಳ. ಟ್ರೇನಿಂಗ್ ನಡೆದೈತಿ, ಪಗಾರ ಆಮ್ಯಾಗ ಬರ್ತದ ಅಂತ ಹೇಳೀನಿ. ಟ್ರೇನಿಂಗ್ ಎಷ್ಟ್ ದಿನ ಅಂತ ಹೇಳ್ಲಿ?"

ಆ ಸುಳ್ಳು ಸವೆದು ಹರಿಯುವ ಮೊದಲು ಅವಳಿಗೆ ಒಂದು ಕೆಲಸ ಸಿಗಬೇಕಿತ್ತು. ಇಲ್ಲದಿದ್ದರೆ ನಗೆಪಾಟಲಾಗುವುದು ಆ ತಾಯಿ. ಅವಳು ದಿನಾ ಡಬ್ಬಿ ಹಿಡಿದು ನಮ್ಮ ಹಾಲ್‌ಗೇ ಬಂದು ಕೂರುತ್ತಿದ್ದಳು. ನೋಡಿದರೆ ಅವಳೊಬ್ಬಳೇ ಅಲ್ಲ. ಕೋರ್ಸು ಮುಗಿಸಿದ ಅನೇಕರು ಮನೆಯಲ್ಲಿ ಆಫೀಸೆಂದು ಹೇಳಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅಲ್ಲಿಗೇ ಬರುತ್ತಿದ್ದರು.

ಡೈರೆಕ್ಟರು ತುಂಬಿದ ಹಾಲ್ ಕಂಡು ಖುಷಿಪಟ್ಟು ಫೋಟೋ ತೆಗೆಸಿ, ‘ನಮ್ಮಲ್ಲಿ ಕಲಿತವರು ತಮ್ಮ ಆಫೀಸಿನಲ್ಲಿ’ ಎಂದು ಜಾಹೀರಾತು ಬಿಟ್ಟರು. ಅದು ತಿರುಗಿ ತಿರುಗಿ ಹುಡುಗಿಯ ಅಮ್ಮನ ಮೊಬೈಲಿಗೂ ಹೋಯಿತು. ನಮ್ಮ ಬಣ್ಣ ಬಯಲಾಯಿತೆಂದು ನಾವಿಬ್ಬರೂ ಹೆದರಿ ಕೂತೆವು. ಆ ತಾಯಿ ಮೊಬೈಲ್ ಹಿಡಿದು ಮನೆಮನೆಗೆ ಹೋದಳಂತೆ: "ನೋಡ್ರಿ, ನನ್ನ ಮಗಳ ಆಫೀಸು! ಕೈ ತೊಳಿಯಾಕ ಬೇಸಿನ್ ಸುದ್ದಾ ಒಳಗೇ ಐತಿ!"

ಬಿಸಿಬೇಳೆಬಾತ್ ಮುಗಿದಿದೆ

ಕಂಪನಿಗಳಿಗೆ ತೋರಿಸಲು ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಊಟ ಆರ್ಡರ್ ಮಾಡುವ ವೆಬ್‌ಸೈಟು. ಮೆನುವಿಗೆ ಹಳೆಯ ಹೋಟೆಲಿನ ಕಾರ್ಡನ್ನೇ ಕೊಟ್ಟಿದ್ದರು. ಕಲಿಸುವವನು ಹಿಂದಿನ ಬ್ಯಾಚಿನಲ್ಲಿ ಕಲಿತು ಎಲ್ಲೂ ಕೆಲಸ ಸಿಗದ ಹುಡುಗ. ಅವನನ್ನು ನಮ್ಮ ಡೈರೆಕ್ಟರೇ ಮೇಷ್ಟರಾಗಿ ಇಟ್ಟುಕೊಂಡು, ಪ್ಲೇಸ್‌ಮೆಂಟ್ ಆಯಿತೆಂದು ಗೋಡೆಗೂ ಹತ್ತಿಸಿದ್ದರು.

ಈ ಮೇಷ್ಟರು ಮಾದರಿಗೆಂದು ಮಾಡಿದ ವೆಬ್‌ಸೈಟಿನಲ್ಲಿ ಒಂದು ದೋಷವಿತ್ತು. ಬಿಸಿಬೇಳೆಬಾತನ್ನು ಯಾವಾಗ ಒತ್ತಿದರೂ ‘ಮುಗಿದಿದೆ’ ಎಂದು ಬರುತ್ತಿತ್ತು. ಅದನ್ನು ಸರಿ ಮಾಡಲು ಅವನಿಗೆ ಬರುತ್ತಿರಲಿಲ್ಲ. ಕಲಿಯುವವರು ಮಾದರಿಯನ್ನು ಭಕ್ತಿಯಿಂದ ನಕಲು ಮಾಡಿದರು. ಹೆಸರು ಬೇರೆ, ಬಣ್ಣ ಬೇರೆ, ಬಿಸಿಬೇಳೆಬಾತು ಮಾತ್ರ ಎಲ್ಲರದ್ದೂ ಮುಗಿದೇ ಇತ್ತು. ನಮ್ಮ ಡಬ್ಬಿಯ ಹುಡುಗಿ ಒಬ್ಬಳೇ ತಲೆ ಓಡಿಸಿ ತನ್ನದನ್ನು ಸರಿ ಮಾಡಿಕೊಂಡಿದ್ದಳು.

ನಾನು ಎಲ್ಲರ ಪ್ರಾಜೆಕ್ಟನ್ನೂ ಪರಿಚಯದ ಕಂಪನಿಯೊಂದಕ್ಕೆ ಕಳಿಸಿ ಕಾದೆ. ಅಲ್ಲಿನ ಎಚ್‌ಆರ್ ಹೆಂಗಸು ಫೋನು ಮಾಡಿದಳು. "ಮೇಡಂ, ಎಲ್ಲ ನೋಡಿದೆವು. ಎಲ್ಲರದ್ದೂ ಒಂದೇ ತರಹ ಇದೆ. ಒಂದು ಹುಡುಗಿಯದು ಮಾತ್ರ ಬೇರೆ."

"ಅವಳೇ ಮೇಡಂ! ಅವಳನ್ನು ಬಿಡಬೇಡಿ," ಎಂದು ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

"ಅದೇ ನಮಗೂ ಅನುಮಾನ. ನಿಮ್ಮ ಕ್ಲಾಸಿನಲ್ಲಿ ಒಬ್ಬರಿಗೂ ಬಾರದ್ದು ಅವಳಿಗೆ ಹೇಗೆ ಬಂತು? ಹೊರಗೆ ಯಾರ ಹತ್ತಿರವೋ ಮಾಡಿಸಿಕೊಂಡಿದ್ದಾಳೆ. ಅಂಥವರು ನಮಗೆ ಬೇಡ."

ಎಷ್ಟು ಹೇಳಿದರೂ ಕೇಳಲಿಲ್ಲ. ಉಳಿದವರಾದರೂ ಬೇಕೇ ಎಂದರೆ ಅವರೂ ಬೇಡ. ಸಿಟ್ಟು ನೆತ್ತಿಗೇರಿತು. ಸೀದಾ ಗಲ್ಲಾದ ಹತ್ತಿರ ಹೋಗಿ ಡೈರೆಕ್ಟರನ್ನು ತರಾಟೆಗೆ ತೆಗೆದುಕೊಂಡೆ. "ಅಲ್ಲ ಸಾರ್, ನಿಮ್ಮ ಮೇಷ್ಟರಿಗೆ ಒಂದು ಬಿಸಿಬೇಳೆಬಾತನ್ನು ಸರಿ ಮಾಡಲು ಬರಲಿಲ್ಲವೇ? ಯಾವಾಗ ಒತ್ತಿದರೂ ಮುಗಿದಿದೆ, ಮುಗಿದಿದೆ!"

ಡೈರೆಕ್ಟರು ನನ್ನನ್ನೇ ಕರುಣೆಯಿಂದ ನೋಡಿದರು. "ಅದರಲ್ಲಿ ತಪ್ಪೆಂತ ಉಂಟು ಮೇಡಂ? ನಮ್ಮ ಹೋಟೆಲಲ್ಲಿ ಅದು ಯಾವತ್ತು ಇತ್ತು? ಮೆನುವಿನಲ್ಲಿ ಮಾತ್ರ ಇದ್ದದ್ದು."

ಬಾಂದ್ರಾದ ಜಾತ್ರೆ

ಬಾಂದ್ರಾದಲ್ಲಿ ದೊಡ್ಡ ಜಾಬ್ ಫೇರ್ ಇದೆಯೆಂದು ಸುದ್ದಿ ಬಂತು. ನಾನು ಎಲ್ಲರನ್ನೂ ಲೋಕಲ್‌ನಲ್ಲಿ ತುಂಬಿಸಿಕೊಂಡು ಹೊರಟೆ. ಹುಡುಗಿ ರೆಸ್ಯೂಮೆಯ ಕಟ್ಟನ್ನು ಮಗುವಿನ ಹಾಗೆ ಎದೆಗವಚಿಕೊಂಡು ಲೇಡೀಸ್ ಡಬ್ಬಿಯ ಗರ್ದಿಯಲ್ಲಿ ಒಂದು ಹಾಳೆಯೂ ಮುದುಡದಂತೆ ತಂದಳು.

ಹಾಲ್ ತುಂಬ ಸ್ಟಾಲುಗಳು. ಮೊದಲ ಸ್ಟಾಲಿನವನು ಅವಳ ರೆಸ್ಯೂಮೆ ನೋಡಿ, "ಬಹಳ ಚೆನ್ನಾಗಿದೆ, ಇನ್ನೊಂದೇ ಕೋರ್ಸು ಮಾಡಿಬಿಡಿ," ಎಂದು ಬಣ್ಣದ ಕಾಗದವೊಂದನ್ನು ಕೈಗಿತ್ತ. ಅದೂ ಒಂದು ಕೋಡಿಂಗ್ ಕ್ಲಾಸು. ಎರಡನೆಯದೂ ಕ್ಲಾಸು. ಮೂರನೆಯದರಲ್ಲಿ ಇಂಟರ್‌ವ್ಯೂನಲ್ಲಿ ಸೋಲದಿರುವುದು ಹೇಗೆಂದು ಕಲಿಸುತ್ತಿದ್ದರು. ಅದರ ಪಕ್ಕದಲ್ಲಿ ಸೋತ ಮೇಲೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆಂದು ಕಲಿಸುತ್ತಿದ್ದರು. ಮೂಲೆಯ ಸ್ಟಾಲಿನಲ್ಲಿ ಭಾರೀ ಗದ್ದಲ. ಅಬ್ಬಾ, ಕೊನೆಗೂ ಒಂದು ಕಂಪನಿ ಎಂದು ಜನರನ್ನು ಸರಿಸಿ ನುಗ್ಗಿದೆ. ನೋಡಿದರೆ ನಮ್ಮ ಡೈರೆಕ್ಟರು ಅರ್ಜಿ ಫಾರ್ಮಿನ ಜೊತೆ ಫ್ರೀಯಾಗಿ ಕಾಫಿ ಕೊಡುತ್ತಾ ಮುಂದಿನ ಬ್ಯಾಚಿಗೆ ಜನ ಸೇರಿಸುತ್ತಿದ್ದರು.

ನಿಜವಾದ ಸಾಫ್ಟ್‌ವೇರ್ ಕಂಪನಿಯ ಸ್ಟಾಲು ಇಡೀ ಹಾಲ್‌ನಲ್ಲಿ ಒಂದೇ ಒಂದು. ಅದರ ಕ್ಯೂ ಹೊರಗಿನ ರಿಕ್ಷಾ ಸ್ಟ್ಯಾಂಡ್ ತನಕ ಇತ್ತು. ಹುಡುಗಿ ಬೆಳಿಗ್ಗೆ ನಿಂತವಳು ಬಿಸಿಲು ಇಳಿಯುವ ಹೊತ್ತಿಗೆ ಮೇಜಿನ ಹತ್ತಿರ ಬಂದಳು. ನಾನೂ ಜೊತೆಗೆ ನಿಂತೆ. ಟೈ ಕಟ್ಟಿದ ಯುವಕ ಅವಳ ರೆಸ್ಯೂಮೆ ತೆಗೆದುಕೊಂಡು ಹಿಂದಿನ ರಾಶಿಗೆ ಎಸೆದ. ನಾನು, "ಸ್ವಲ್ಪ ಓದಿ ನೋಡಿ ಸಾರ್. ನಾನು ಇವಳ ಪ್ಲೇಸ್‌ಮೆಂಟ್ ಆಫೀಸರ್," ಎಂದೆ.

ಯುವಕನ ಕಣ್ಣು ಹೊಳೆಯಿತು. ಅತ್ತ ಇತ್ತ ನೋಡಿ, ಟೇಬಲ್‌ಕ್ಲಾತಿನ ಅಡಿಯಿಂದ ಒಂದು ಹಾಳೆ ಎಳೆದು ನನ್ನ ಕೈಗೆ ತುರುಕಿದ. "ಮೇಡಂ, ಇದು ನನ್ನ ರೆಸ್ಯೂಮೆ. ಈ ತಿಂಗಳಿಗೆ ನನ್ನನ್ನೂ ಕೆಲಸದಿಂದ ತೆಗೆಯುತ್ತಿದ್ದಾರೆ. ಎಲ್ಲಾದರೂ ಇದ್ದರೆ ಹೇಳಿ."

ವಾಪಸು ಬರುವಾಗ ಡೈರೆಕ್ಟರಿಗೆ ಇದನ್ನು ಹೇಳಿ ಹೊಟ್ಟೆಯುರಿ ತೀರಿಸಿಕೊಳ್ಳಲು ಹೋದೆ. ಅವರು ಹಣೆ ಹಣೆ ಚಚ್ಚಿಕೊಂಡರು. "ಛೆ, ಅವನ ನಂಬರ್ ತಕ್ಕೊಳ್ಳುದಲ್ವಾ ಮಾರಾಯ್ರೆ? ಮುಂದಿನ ಬ್ಯಾಚಲ್ಲಿ ಸೀಟು ಉಂಟು!"

ಖಾಲಿ ಕುರ್ಚಿ

ಚಾಳಿನಲ್ಲಿ ಪ್ರಶ್ನೆಗಳು ಶುರುವಾಗಿದ್ದವು. ಎಂಜಿನಿಯರ್ ಆದವಳು ಮನೆಗೆ ಹೊಸ ಫ್ಯಾನನ್ನಾದರೂ ಏಕೆ ತಂದಿಲ್ಲ ಎಂದು ಎದುರು ಮನೆಯವಳು ಕೇಳಿದಳಂತೆ. ಹುಡುಗಿ ಸೋತು, ಸ್ವಾಭಿಮಾನ ನುಂಗಿಕೊಂಡು ಬಾಂದ್ರಾದ ಹಳೆಯ ಕ್ಲಿನಿಕ್ಕಿಗೆ ಹೋದಳು. ಹಳೆಯ ಕೆಲಸವನ್ನೇ ಮತ್ತೆ ಕೇಳೋಣ, ಚಾಳಿನವರಿಗೆ ಹೇಗೋ ಹೇಳಿಕೊಂಡರಾಯಿತು ಎಂಬ ಲೆಕ್ಕಾಚಾರ.

ರಿಸೆಪ್ಷನ್ನಿನಲ್ಲಿ ಯಾರೂ ಇರಲಿಲ್ಲ. ಅವಳ ಕುರ್ಚಿ ಖಾಲಿಯಾಗಿಯೇ ಇತ್ತು. ಅವಳ ಜೀವ ತಂಪಾಯಿತು. ಡಾಕ್ಟರು ಹೊರಗೆ ಬಂದು ಪ್ರೀತಿಯಿಂದಲೇ ಮಾತಾಡಿಸಿದರು. ಅವಳು ಅಳುಕುತ್ತಾ ವಿಷಯ ತೆಗೆದಾಗ ಗೋಡೆಯ ಮೇಲಿನ ಪೋಸ್ಟರ್ ತೋರಿಸಿದರು. ‘ಈ ನಂಬರಿಗೆ ಮೆಸೇಜ್ ಮಾಡಿ. ನಮ್ಮ ಎಐ ಸಹಾಯಕಿ ಕೂಡಲೇ ಉತ್ತರಿಸುತ್ತಾಳೆ.’

"ಈಗ ಮನುಷ್ಯರು ಬೇಕಾಗಿಲ್ಲ ಬೇಟಾ," ಎಂದರು ಡಾಕ್ಟರು. "ಅಪಾಯಿಂಟ್‌ಮೆಂಟು, ವಿಚಾರಣೆ, ಎಲ್ಲ ಮೆಶಿನೇ ನೋಡಿಕೊಳ್ಳುತ್ತದೆ. ಕೆಲಸ ಬಿಡುವಾಗ ನೀನೇ ಹೇಳಿದ್ದೆಯಲ್ಲ, ಇನ್ನು ಮುಂದೆಲ್ಲ ಕಂಪ್ಯೂಟರ್ ಕಾಲ ಅಂತ? ನಿನ್ನ ಮಾತಿಗೆ ನಾನು ಬೆಲೆ ಕೊಟ್ಟೆ."

ಎಐ ಎಂಜಿನಿಯರ್

ಆಮೇಲೆ ಕೆಲವೇ ದಿನಕ್ಕೆ ಅವಳಿಗೆ ಅಂಧೇರಿಯ ಕಂಪನಿಯೊಂದರಿಂದ ಕರೆ ಬಂತು. ಎಐ ಕಂಪನಿ. ಗಾಜಿನ ಬಿಲ್ಡಿಂಗು. ನಾವಿಬ್ಬರೂ ಸೇರಿ ಇದ್ದಬದ್ದದ್ದನ್ನೆಲ್ಲ ಉರು ಹೊಡೆದೆವು. ನನಗೂ ಅರ್ಧ ಪೈಥಾನ್ ಬಂದುಬಿಟ್ಟಿತು.

ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. "ಮೊಬೈಲ್‌ನಲ್ಲಿ ಬೇಗ ಟೈಪ್ ಮಾಡುತ್ತೀಯಾ? ಹಿಂದಿ, ಮರಾಠಿ ಎರಡೂ ಬರುತ್ತದಾ? ಯಾರಾದರೂ ಬೈದರೆ ಸಿಟ್ಟು ಬರುತ್ತದಾ?" ಎಂದು ಕೇಳಿದರು. ಬೈಸಿಕೊಂಡು ಅಭ್ಯಾಸವಿದೆ ಎಂದಳಂತೆ. ಅಲ್ಲೇ ಆಯ್ಕೆಯಾದಳು. ಹುದ್ದೆಯ ಹೆಸರು ಎಐ ಎಂಜಿನಿಯರ್.

ನಮ್ಮ ಡೈರೆಕ್ಟರು ಗಂಟೆಯನ್ನು ಹೇಗೆ ಗುದ್ದಿದರೆಂದರೆ ಅದು ಒಳಗೇ ಸಿಕ್ಕಿಕೊಂಡು ಮತ್ತೆ ಮೇಲೇಳಲಿಲ್ಲ. ‘ನಮ್ಮ ಕ್ಲಾಸಿನಿಂದ ನೇರವಾಗಿ ಎಐಗೆ’ ಎಂದು ಅವಳ ಆಳೆತ್ತರದ ಫೋಟೋ ಬಾಗಿಲಿಗೆ ಬಂತು. ಚಾಳಿನಲ್ಲಿ ಒಂದು ತೊಡಕಾಯಿತು. ನೌಕರಿಯ ಪೇಡೆಯನ್ನು ಅಮ್ಮ ಆಗಲೇ ಹಂಚಿ ಮುಗಿಸಿದ್ದಳು. ಹುಡುಗಿ ಅದಕ್ಕೂ ದಾರಿ ಹುಡುಕಿದಳು. ಪ್ರಮೋಷನ್ ಆಗಿದೆ ಎಂದಳು. ಅಮ್ಮ ಈ ಸಲ ಬರ್ಫಿ ಹಂಚಿದಳು. ಸತ್ಯವಾಗಿ ಹೇಳುತ್ತೇನೆ, ಅವತ್ತು ರೈಲಿನಲ್ಲಿ ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತೆ. ಒಂದಾದರೂ ದಡ ಸೇರಿತಲ್ಲ ಎಂದು.

ತಿಂಗಳು ಕಳೆದು ಒಂದು ಭಾನುವಾರ ಅವಳು ಚೆಂಬೂರಿಗೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ಮಾತ್ರ ಎಂಥದೋ ನಗು.

"ಕೆಲಸ ಹೇಗಿದೆಯಮ್ಮ? ಎಐ ಎಂಜಿನಿಯರ್ ಅಂದರೆ ಏನು ಮಾಡುತ್ತೀರಿ?" ಎಂದೆ.

"ಆಂಟಿ, ನಾ ಎಐ ಎಂಜಿನಿಯರ್ ಅಲ್ರಿ," ಎಂದಳು. "ನಾನೇ ಎಐ."

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಕಂಪನಿ ಊರಿನ ಕ್ಲಿನಿಕ್ಕುಗಳಿಗೆಲ್ಲ ಉತ್ತರ ಕೊಡುವ ಮೆಶಿನನ್ನು ಮಾರಿತ್ತು. ಮೆಶಿನ್ ಇದ್ದದ್ದೇನೋ ನಿಜ. ಮುಂಬಯಿಯ ಜನ ಹಿಂದಿ, ಮರಾಠಿ, ಇಂಗ್ಲಿಷ್ ಕಲಸಿ ಬರೆಯುವುದು ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಗಲ್ಲ ಊದಿಕೊಂಡಿದೆ ಎಂದು ಬರೆದವರಿಗೆ ಅಭಿನಂದನೆ ಹೇಳುತ್ತಿತ್ತಂತೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಕೆಲಸವಿಲ್ಲದ ಕೋಡಿಂಗ್ ಹುಡುಗರು ಅಗ್ಗ. ‘ಎಐ ಲ್ಯಾಬ್, ಪ್ರವೇಶವಿಲ್ಲ’ ಎಂದು ಬರೆದ ಬಾಗಿಲ ಹಿಂದೆ ಅವರನ್ನು ಸಾಲಾಗಿ ಕೂರಿಸಿದ್ದಾರೆ. ಪೇಷಂಟು ಮೆಸೇಜ್ ಮಾಡುತ್ತಾನೆ, ಮೆಶಿನಿನ ಹೆಸರಿನಲ್ಲಿ ಇವರು ಉತ್ತರ ಬರೆಯುತ್ತಾರೆ.

"ಅಂದರೆ ಮತ್ತೆ ಹಲ್ಲುನೋವು ಕೇಳುವ ಕೆಲಸವೇ?" ಎಂದೆ. ನನಗೆ ಮೈಯೆಲ್ಲ ಉರಿಯಿತು.

"ಹೂಂರಿ. ಆದ್ರ ಮನಶ್ಯಾರಂಗ ಬರಿಯಂಗಿಲ್ಲ. ‘ಜೋಪಾನ್ರಿ’ ಅಂತ ಬರದ್ರ ಸೂಪರ್‌ವೈಸರ್ ಬೈತಾರ. ಮತ್ತ ಒಂದೊಂದು ಶಿಫ್ಟಿಗೆ ಇಷ್ಟ್ ಸಲ ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಅಂತ ಹಾಕಬೇಕು, ಕೋಟಾ ಐತಿ. ಇಲ್ಲಾಂದ್ರ ಜನಕ್ಕ ಶಕ್ ಬರ್ತದ, ಇದು ಮೆಶಿನ್ ಅಲ್ಲ, ಒಳಗ ಯಾರೋ ಕುಂತಾರ ಅಂತ. ನನಗ ಎಲ್ಲಾ ಅರ್ಥ ಆಗ್ತದಲ್ರಿ, ದಿನಾ ಕೋಟಾ ಉಳಿದುಬಿಡ್ತದ. ಭಾಳ ಶಾಣ್ಯಾ ಆಗಬ್ಯಾಡ ಅಂತ ವಾರ್ನಿಂಗ್ ಕೊಟ್ಟಾರ."

ಹಿಂದಿನ ವಾರ ಅವಳ ಪಾಲಿಗೆ ಹೊಸ ಕ್ಲಿನಿಕ್ ಬಂತಂತೆ. ಹೆಸರು ನೋಡಿದರೆ ಬಾಂದ್ರಾದ ಅದೇ ಡಾಕ್ಟರು! ಪೇಷಂಟುಗಳೆಲ್ಲ ಅವಳಿಗೆ ಗೊತ್ತಿದ್ದವರು. ಯಾವ ಅಜ್ಜಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಯಾವ ಅಂಕಲ್‌ಗೆ ಇಂಜೆಕ್ಷನ್ನೆಂದರೆ ಭಯ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಎಲ್ಲ ಬಾಯಿಪಾಠ. ಒಂದು ವಾರದಲ್ಲಿ ಕ್ಲಿನಿಕ್ಕು ಹೂವಿನ ಹಾಗೆ ನಡೆಯಿತು. ಡಾಕ್ಟರು ಖುಷಿಯಾಗಿ ಮೆಶಿನಿಗೇ ಉದ್ದನೆಯ ಮೆಸೇಜ್ ಬರೆದರು.

ಹುಡುಗಿ ಅದನ್ನು ಅಕ್ಷರ ಬಿಡದೆ ಬಾಯಲ್ಲಿ ಒಪ್ಪಿಸಿದಳು: ‘ಶಾಬಾಶ್. ನೀನು ನನ್ನ ಹಳೆಯ ರಿಸೆಪ್ಷನಿಸ್ಟಿಗಿಂತ ಎಷ್ಟೋ ಪಾಲು ವಾಸಿ. ಅವಳಿಗೆ ಇಷ್ಟೆಲ್ಲ ತಲೆ ಎಲ್ಲಿತ್ತು! ಮೊನ್ನೆ ಮತ್ತೆ ಕೆಲಸ ಕೇಳಿಕೊಂಡು ಬಂದಿದ್ದಳು, ಪಾಪ. ನೀನು ಇದ್ದೀಯಲ್ಲ, ಹಾಗಾಗಿ ವಾಪಸು ಕಳಿಸಿದೆ.’

ನನಗೆ ನಗಬೇಕೋ, ಎದ್ದು ಹೋಗಿ ಆ ಡಾಕ್ಟರ ಹಲ್ಲು ಉದುರಿಸಬೇಕೋ ತಿಳಿಯಲಿಲ್ಲ. "ಅದಕ್ಕೆ ನೀನು ಏನು ಉತ್ತರ ಕೊಟ್ಟೆ?" ಎಂದು ಕೇಳಿದೆ.

ಹುಡುಗಿ ಚೀಲದಿಂದ ಒಂದು ಕಿತ್ತಳೆ ತೆಗೆದು ನಿಧಾನವಾಗಿ ಸಿಪ್ಪೆ ಸುಲಿದಳು.

"ಅವತ್ತಿಂದು ಕೋಟಾ ಉಳದಿತ್ತಲ್ರಿ ಆಂಟಿ. ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಅಂತ ಹಾಕಿದೆ."